ಫಲಾನುಭವಿ

ಮುಖ್ಯ ಅತಿಥಿಗಳು ಮೂರು ಗಾಲಿಯ ಗಾಡಿಯನ್ನು ಅಲ್ಲಾವುದ್ದೀನನಿಗೆ ಕೊಟ್ಟೇಬಿಟ್ಟರು. ಅಲ್ಲಾವುದ್ದೀನ ಎಂದರೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕ್ವಿಂಟಲ್ ಚೀಲ ಬೆನ್ನಿಗೆ ಹಾಕಿಕೊಂಡು ಲಾರಿಯ ಹಲಗೆ ಏರುವ ಹಮಾಲಿ. ಅವನ ಕೊರಳಿಗೆ ಹಾರ ಬಿತ್ತು. ಇಬ್ಬರು ಜವಾನರು ಅವನನ್ನು ಅನಾಮತ್ತಾಗಿ ಎತ್ತಿ, ವೇದಿಕೆಯ ಕೆಳಗೆ ನಿಲ್ಲಿಸಿದ್ದ ಗಾಡಿಯಲ್ಲಿ ಕೂರಿಸಿದರು. ಫೋಟೋ ಹೊಡೆದದ್ದೂ ಆಯಿತು. ಬಳ್ಳಾರಿಯ ಆ ಮೈದಾನದಲ್ಲಿ ಸೇರಿದ್ದ ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅಂಬಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗಾಡಿ ಅವಳದು, ಪಟ್ಟಿಯಲ್ಲಿ ಇದ್ದದ್ದು ಅವಳ ಹೆಸರು. ಮೂರನೇ ವರ್ಷಕ್ಕೆ ಪೋಲಿಯೊ ಬಂದು ಎರಡೂ ಕಾಲು ಸೋತಿದ್ದವು. ಇಪ್ಪತ್ತೆರಡು ತುಂಬಿದರೂ ಸಿರುಗುಪ್ಪದ ಹೊಲಿಗೆ ಅಂಗಡಿಗೆ ಅವ್ವನ ಬೆನ್ನೇರಿಯೇ ಹೋಗಬೇಕಿತ್ತು, ಆ ಬೆನ್ನೂ ಈಗೀಗ ಕೈಕೊಡುತ್ತಿತ್ತು. ಗಾಡಿ ಸಿಗದಿದ್ದರೆ ಅಂಗಡಿಯೂ ಇಲ್ಲ, ಬೀದಿಯೂ ಇಲ್ಲ. "ಅದು ನಂದ್ರೀ" ಎಂದು ಅವಳು ಕೂಗಿದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ನಿಜ ಹೇಳಬೇಕೆಂದರೆ ತಪ್ಪು ಅತಿಥಿಗಳದಲ್ಲ, ಕುಣಿತದ್ದು. ಎಂಬತ್ತೊಂದನೇ ಇಸವಿಯನ್ನು ಅಂಗವಿಕಲರ ವರ್ಷವೆಂದು ಸಾರಿದ್ದರಿಂದ ಅಧಿಕಾರಿ ತಿಪ್ಪೇರುದ್ರಪ್ಪನವರಿಗೆ ಒಂದು ಕಾರ್ಯಕ್ರಮ ಬೇಕಿತ್ತು. ಗಾಂಧಿನಗರದ ಕೊಟ್ಟೂರಪ್ಪ ಮೇಷ್ಟ್ರು ಕಾಲಿನ ಬಲ ಇದ್ದವರನ್ನೂ ಇಲ್ಲದವರನ್ನೂ ಬೆರೆಸಿ ಹೊಸ ಬಗೆಯ ಕುಣಿತವೊಂದನ್ನು ಕಟ್ಟಿದರು. ಯಾರು ನಡೆಯಬಲ್ಲರು, ಯಾರು ನಡೆಯಲಾರರು ಎಂಬುದು ನೋಡುವವರಿಗೆ ಗೊತ್ತೇ ಆಗಬಾರದು ಎಂಬುದು ಅವರ ಹಟ. ದೊಡ್ಡ ಮಾತೇ. ಆದರೆ ಗಾಡಿ ಹಂಚುವ ಸಭೆಯಲ್ಲಿ ಅಂಥ ಕಲೆ ತೋರಿಸಬಾರದೆಂಬ ವ್ಯವಹಾರಜ್ಞಾನ ಕಲಾವಿದರಿಗೆ ಎಲ್ಲಿಂದ ಬರಬೇಕು? ನೆಲದ ಮೇಲೆ ಜರುಗುವುದನ್ನು ಅಲ್ಲಾವುದ್ದೀನನಿಗೆ ಕಲಿಸಿದವಳು ಅಂಬಮ್ಮನೇ. ಮೊಣಕಾಲು ಅಲುಗಿಸಿದಾಗಲೆಲ್ಲ ಬೈಸಿಕೊಂಡು ಮೂರು ತಿಂಗಳಲ್ಲಿ ಅವನು ಸೊಂಟದ ಕೆಳಗೆ ಜೀವವೇ ಇಲ್ಲದವನ ಹಾಗೆ ಬರಿಗೈ ಮೇಲೆ ಸಾಗುವುದನ್ನು ಕಲಿತ. ಅಂಬಮ್ಮ ಮಾತ್ರ ಕುಣಿತದ ತುಂಬ ಅವರಿವರ ಹೆಗಲ ಮೇಲೆ ಹಾರಾಡಿದಳು. ಕಡೆಯಲ್ಲಿ ಇಬ್ಬರು ಹುಡುಗಿಯರು ಹಿಂದಿನಿಂದ ಸೊಂಟ ಹಿಡಿದಾಗ, ಪಾದ ಮುಚ್ಚುವ ಹಸಿರು ಲಂಗದಲ್ಲಿ ನೆಟ್ಟಗೆ ನಿಂತಳು. ಅಲ್ಲಾವುದ್ದೀನ ಅವಳ ಪಾದದ ಬಳಿ ಬಿದ್ದಿದ್ದ.

ಅತಿಥಿಗಳ ಕಣ್ಣು ತುಂಬಿ ಬಂತು. ತಿಪ್ಪೇರುದ್ರಪ್ಪನವರು ಪಟ್ಟಿ ಹಿಡಿದು ಕಿವಿಯ ಹತ್ತಿರ ಬಾಗಿದರೆ, ಕಣ್ಣಾರೆ ಕಂಡ ಮೇಲೂ ನನಗೆ ಕಾಗದ ಓದಿಸುತ್ತೀರೇನ್ರೀ ಎಂದು ಅತಿಥಿಗಳು ಗದರಿದರು. ಭಾಷಣದಲ್ಲಿ ಅಂಬಮ್ಮನನ್ನೂ ಮರೆಯಲಿಲ್ಲ. ದೇವರು ಕೈಕಾಲು ಗಟ್ಟಿ ಕೊಟ್ಟವರು ಇಂಥ ನತದೃಷ್ಟರ ಜೊತೆ ಹೇಗಿರಬೇಕೆಂದು ಈ ತಂಗಿಯನ್ನು ನೋಡಿ ಕಲಿಯಿರಿ ಎಂದು ಸಭೆಗೆ ಬುದ್ಧಿ ಹೇಳಿದರು.

ಭಾಷಣ ಮುಗಿಯುವ ಹೊತ್ತಿಗೆ ತಿಪ್ಪೇರುದ್ರಪ್ಪನವರು ಬೆವರು ಒರೆಸಿಕೊಳ್ಳುತ್ತ ಅಂಬಮ್ಮನ ಬಳಿ ಬಂದರು. "ಈ ಸಲ ತಡಕೊಳವ್ವಾ. ಬುಕ್ಕಿನಾಗ ಅವನ ಸಹಿ ಬಿದ್ದೈತಿ. ಮುಂದಿನ ವರ್ಷ ಅರ್ಜಿ ಹಾಕು, ನಾನ ನಿಂತು ಕೊಡಸ್ತೀನಿ."

"ಮುಂದಿನ ವರ್ಷಾನೂ ಅಂಗವಿಕಲರ ವರ್ಷ ಇರ್ತೈತೇನ್ರಿ?"

ಅತಿಥಿಗಳು ಕಾರಿನ ಕಡೆ ಹೊರಟಿದ್ದರು. ಅಲ್ಲಾವುದ್ದೀನನಿಗೆ ಅಲ್ಲಾಡಬೇಡವೆಂದು ಕಣ್ಣಲ್ಲೇ ಹೇಳಿ ತಿಪ್ಪೇರುದ್ರಪ್ಪನವರೂ ಆ ಕಡೆ ಓಡಿದರು.

ಗಾಡಿ ಅಂಬಮ್ಮನಿಂದ ಒಂದು ಮೊಳ ದೂರದಲ್ಲಿ, ಅವಳ ಕಾಲ ಕೆಳಗೇ ಇತ್ತು. "ಇಳೀಲೇ" ಎಂದಳು.

"ಹೆಂಗ ಇಳೀಲಿ ಅಂಬಕ್ಕ? ಎದ್ದು ನಿಂತ್ರ ದೊಡ್ಡೋರ ಮರ್ಯಾದಿ ಹೋಗ್ತೈತಂತ." ಅವನ ಕಣ್ಣಲ್ಲಿ ನೀರಿತ್ತು.

"ಎದ್ದು ನಿಂದ್ರು ಅಂತ ನಿನಗ ಯಾರಂದ್ರು? ನಾ ಕಲಿಸಿದಂಗ ಇಳಿ."

ಅಲ್ಲಾವುದ್ದೀನ ಗುರುವಿನ ಮಾತು ಮೀರಲಿಲ್ಲ. ಎರಡೂ ಅಂಗೈ ಊರಿ, ಸತ್ತ ಕಾಲುಗಳನ್ನು ಎಳೆದುಕೊಂಡು ದೊಪ್ಪನೆ ಮಣ್ಣಿಗೆ ಜಾರಿದ. ಅದೇ ಗಳಿಗೆಗೆ ಅಂಬಮ್ಮ ತೋಳಿನ ಮೇಲೆ ಭಾರ ಹಾಕಿ ವೇದಿಕೆಯಿಂದ ಸೀಟಿಗೆ ಇಳಿದಳು, ಲಂಗ ಸರಿಪಡಿಸಿಕೊಂಡಳು, ಕೈಪೆಡಲು ಹಿಡಿದು ತಿರುಗಿಸಿದಳು. ಗಾಡಿ ಹೊರಟಿತು. ಮೊಟ್ಟಮೊದಲ ಸಲ ಅವಳು ತಾನು ಹೋಗಬೇಕೆಂದ ಕಡೆ ತಾನೇ ಹೋಗುತ್ತಿದ್ದಳು.

ಜನ ಮಾತ್ರ ಕಂಡದ್ದೇ ಬೇರೆ. ಈಗಷ್ಟೇ ದೊಡ್ಡ ಮನಸ್ಸಿನವಳೆಂದು ಹೊಗಳಿಸಿಕೊಂಡ ಹುಡುಗಿ ಕುಂಟನನ್ನು ನೆಲಕ್ಕೆ ಕೆಡವಿ ಅವನ ಗಾಡಿ ಕಿತ್ತುಕೊಂಡು ಹೊರಟಿದ್ದಳು. ಹೆಂಗಸರು ಹಿಡಿಶಾಪ ಹಾಕಿದರು. ಯಾರೋ ಅಲ್ಲಾವುದ್ದೀನನ ತಲೆ ತೊಡೆಯ ಮೇಲಿಟ್ಟುಕೊಂಡು ಸೋಡಾ ಕುಡಿಸಿದರು. ಅವನು ದೊಡ್ಡವರ ಮರ್ಯಾದೆಗೆ ಅಂಜಿ ಗುಟುಕು ಗುಟುಕಾಗಿ ಕುಡಿದ. ಮೈದಾನದ ಬಾಗಿಲಲ್ಲಿದ್ದ ಪೊಲೀಸಿನವನು ಲಾಠಿ ಎತ್ತಿಕೊಂಡು ಗಾಡಿಯ ಹಿಂದೆ ಓಡಿದ.

"ಏ ಹುಡುಗಿ, ನಿಂದ್ರು. ಕಾಲು ಮುರೀತೀನಿ ನೋಡು."

ಓಣಿಯ ಹುಡುಗಿಯರೆಲ್ಲ ಹೊಸ್ತಿಲು ದಾಟಿದಾಗಲೆಲ್ಲ ಅಪ್ಪ ಅವ್ವನಿಂದ ಕೇಳಿ ಬೆಳೆದ ಮಾತು ಅದು. ಅಂಬಮ್ಮನಿಗೆ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಅಂದಿರಲಿಲ್ಲ. ಇನ್ನೊಮ್ಮೆ ಕೇಳಿಸಲಿ ಎಂದು ಅವಳು ಪೆಡಲನ್ನು ಸ್ವಲ್ಪ ನಿಧಾನ ಮಾಡಿದಳು.