ಎಡೆಗೆ ಕರೆಯುವ ಹೆಸರು

ಒಂದಾನೊಂದು ಕಾಲದಲ್ಲಿ, ಕೆಂಪು ನದಿ ಕಡಲು ಸೇರುವ ಕಡೆ, ಒಬ್ಬ ಮನುಷ್ಯ ಹೆಂಡತಿಯನ್ನೂ ಪುಟ್ಟ ಮಗಳನ್ನೂ ತೊಟ್ಟಿಲ ಕೂಸನ್ನೂ ಬಿಟ್ಟು ಹಡಗು ಹತ್ತಿದ. ಸಮುದ್ರದಾಚೆ ಫ್ರೆಂಚರ ದ್ವೀಪದಲ್ಲಿ ಗಣಿ ಅಗೆಯಲು ಹೋದವನು ತಿರುಗಿ ಬರಲಿಲ್ಲ. ಸತ್ತನೆಂಬ ಮಾತು ಬಂತು, ಯಾವ ದಿನವೆಂಬುದು ಬರಲಿಲ್ಲ. ಮನೆ ಬಿಟ್ಟ ದಿನವನ್ನೇ ತಿಥಿ ಮಾಡಿಕೊಂಡು ಮನೆಯವರು ವರ್ಷವರ್ಷವೂ ಎಡೆ ಇಟ್ಟರು. ಆ ಪುಟ್ಟ ಮಗಳು ಥೋವಾ ಈಗ ಹಣ್ಣು ಹಣ್ಣು ಮುದುಕಿಯಾಗಿ ಹಾಸಿಗೆ ಹಿಡಿದಿದ್ದಳು. ಒಮ್ಮೆಯಾದರೂ ಅಪ್ಪನಿಗೆ ಸರಿಯಾದ ದಿನ ಉಣಬಡಿಸಿ ಕಣ್ಣು ಮುಚ್ಚಬೇಕು ಎಂಬುದೊಂದೇ ಅವಳಿಗೆ ಉಳಿದಿದ್ದ ಆಸೆ.

ಮೊಮ್ಮಗಳು ನ್ಯಾನ್ ಇತಿಹಾಸದ ವಿದ್ಯಾರ್ಥಿನಿ. ಆ ದ್ವೀಪದ ಹಳೆಯ ಕಡತಗಳು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆಂದು ತಿಳಿದು ಮುತ್ತಜ್ಜನನ್ನೇ ಪ್ರಬಂಧದ ವಿಷಯ ಮಾಡಿಕೊಂಡಿದ್ದಳು. ವಾರಗಟ್ಟಲೆ ತಡಕಿದರೂ ಪರದೆಯ ಮೇಲೆ ಮೂಡುತ್ತಿದ್ದುದು ‘ಯಾವ ದಾಖಲೆಯೂ ಇಲ್ಲ’ ಎಂಬ ಸಾಲು ಮಾತ್ರ. ಊಟ ಮುಗಿಸಿದ ಸಿಬ್ಬಂದಿ ಮೇಜಿನ ಮೇಲೇ ತಲೆಯಿಟ್ಟು ನಿದ್ದೆ ಹೋಗಿದ್ದ ಒಂದು ಮಧ್ಯಾಹ್ನ, ಅವಳು ಕಾಲೇಜಿನ ಗ್ರಂಥಾಲಯಕ್ಕೆ ಬಂದಳು. ವಿದ್ಯಾರ್ಥಿಗಳಿಗೆ ಇಂಥವನ್ನು ಹುಡುಕಲು ಕಲಿಸುವುದೇ ಅಲ್ಲಿಯ ಗ್ರಂಥಪಾಲಕಿ ಉಯೆನ್‌ಳ ಕೆಲಸ.

“ಏನಂತ ಟೈಪ್ ಮಾಡ್ದೆ? ತೋರಿಸು.”

ನ್ಯಾನ್ ತೋರಿಸಿದಳು: ಫುಕ್ ತಾಮ್.

“ಈ ಹೆಸರು ಯಾರು ಹೇಳಿದ್ದು?”

“ಎಡೆ ಇಟ್ಟಾಗ ಅಜ್ಜಿ ಹೀಗೇ ಕರೀತಾರೆ ಅಕ್ಕಾ.”

ಉಯೆನ್‌ಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಮಂಕೇ! ಅದು ಸತ್ತ ಮೇಲೆ ಇಡೋ ಹೆಸರು ಕಣೇ. ಬೀದಿ ದೆವ್ವಗಳು ಎಡೆಗೆ ನುಗ್ಗಬಾರ್ದು ಅಂತ ಮನೆಯೋರಿಗೂ ಮನೆದೇವರಿಗೂ ಮಾತ್ರ ಗೊತ್ತಿರೋದು. ಫ್ರೆಂಚ್ ಗುಮಾಸ್ತನಿಗೆ ಯಾರು ಹೋಗಿ ಹೇಳ್ತಾರೆ? ಬದುಕಿದ್ದಾಗಿನ ಹೆಸರು ಹೇಳು.”

“ಗೊತ್ತಿಲ್ಲ. ಹಿರೀಕರ ಹೆಸರು ನಮ್ಮನೇಲಿ ಯಾರೂ ಎತ್ತೋ ಹಾಗಿಲ್ಲ. ಚಿಕ್ಕೋಳಿದ್ದಾಗ ಕೇಳಿದ್ದಕ್ಕೇ ಬಾಯಿ ಮೇಲೆ ಏಟು ಬಿದ್ದಿತ್ತು.”

“ಇತಿಹಾಸ ಓದ್ತಾಳಂತೆ, ಮುತ್ತಜ್ಜನ ಹೆಸರೇ ಗೊತ್ತಿಲ್ಲವಂತೆ! ಹಚ್ಚು ಫೋನು.”

ಉಯೆನ್ ಫೋನಿನಲ್ಲಿ ಹೇಳಿದ್ದನ್ನು ಥೋವಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, “ನನ್ನ ಮೊಮ್ಮಗಳು ಅಲ್ಲೇ ಇದಾಳಾ? ಆಚೆ ಕಳಿಸು. ನೀನು ನಮ್ಮ ವಂಶದೋಳಲ್ಲ, ನಿನ್ನ ಕಿವಿಗೆ ಹಾಕಿದ್ರೆ ಅಪ್ಪ ಮುನಿಯಲ್ಲ,” ಎಂದಳು. ನ್ಯಾನ್ ಹೊರಗೆ ಹೋದಳು. ಹುಟ್ಟಿದಾಗಿನಿಂದ ನಾಲಿಗೆಗೆ ತಾರದ ಹೆಸರನ್ನು ಮುದುಕಿ ಉಸಿರಿನಲ್ಲೇ ಹೇಳಿ, ಅವನ ತಂದೆಯ ಹೆಸರು, ಊರು, ವಯಸ್ಸು, ಹಡಗು ಹತ್ತಿದ ಬಂದರನ್ನೂ ತಿಳಿಸಿ, “ಸಿಕ್ಕಿದ್ದನ್ನ ಮುಚ್ಚಿಡದೆ ಹೇಳ್ತೀಯಾ?” ಎಂದು ಕೇಳಿದಳು.

“ಹೇಳ್ತೀನಿ ಅಜ್ಜಿ. ಮಾತು ಕೊಟ್ಟೆ.”

ಫ್ರೆಂಚರ ಕಡತಗಳಲ್ಲಿ ತನ್ನ ನಾಡಿನವರ ಹೆಸರು ಹಿಂದುಮುಂದಾಗಿರುವುದು ಉಯೆನ್‌ಗೆ ಗೊತ್ತಿತ್ತು. ಮನೆತನದ ಹೆಸರನ್ನು ಬಿಟ್ಟಳು, ಹುಟ್ಟೂರನ್ನು ಸೇರಿಸಿದಳು, ಹಡಗು ಬಿಟ್ಟ ಬಂದರನ್ನು ಸೇರಿಸಿದಳು. ಹೀಗೆ ಜರಡಿ ಹಿಡಿಯುತ್ತಾ ಹೋದಂತೆ ಗಣಿಯ ಆಸ್ಪತ್ರೆಯ ಒಂದು ಪುಟ ತೆರೆದುಕೊಂಡಿತು. ತಂದೆಯ ಹೆಸರು, ಊರು, ವಯಸ್ಸು, ಎಲ್ಲ ಅವನದೇ. ಸತ್ತ ದಿನವೂ ಇತ್ತು. ಒಳಗೆ ಬಂದ ನ್ಯಾನ್ ಹಿಗ್ಗಿನಿಂದ ಬಗ್ಗಿ ನೋಡಿದವಳು ಇಸವಿಯ ಮೇಲೆ ಕಣ್ಣು ಬಿದ್ದದ್ದೇ ಹಾಗೇ ಕುಳಿತುಬಿಟ್ಟಳು. ಮನೆಯಲ್ಲಿ ಎಡೆ ಇಡಲು ಶುರುಮಾಡಿ ಎಷ್ಟೋ ವರ್ಷವಾದ ಮೇಲೆ ಅವನು ಸತ್ತಿದ್ದ. ಬಂದಿದ್ದ ಸುದ್ದಿ ಸುಳ್ಳು.

“ಅಕ್ಕಾ, ಎಡೆಗೆ ದಿನ, ತಿಂಗಳು ಸಾಕು. ವರ್ಷ ಹೇಳ್ಬೇಡಿ. ನಿಮ್ಮ ದಮ್ಮಯ್ಯ.”

ಉಯೆನ್ ಆಗಲೆಂದು ತಲೆಯಾಡಿಸಿದಳು. ಇಂಗ್ಲಿಷ್ ತಾರೀಖನ್ನು ಚಂದ್ರನ ಲೆಕ್ಕಕ್ಕೆ ತಿರುಗಿಸಿಕೊಂಡು ಮತ್ತೆ ಫೋನು ಮಾಡಿದಳು.

“ಅಜ್ಜಿ, ಒಂಬತ್ತನೇ ತಿಂಗಳು, ಹುಣ್ಣಿಮೆ ಮಾರನೇ ದಿನ.”

ಥೋವಾ ಅದನ್ನು ಮಗ್ಗಿಯಂತೆ ಮತ್ತೆ ಮತ್ತೆ ಹೇಳಿಕೊಂಡಳು. “ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ. ಯಾವ ವರ್ಷ?”

ನ್ಯಾನ್ ಕಣ್ಣಲ್ಲೇ ಬೇಡವೆಂದಳು. ಉಯೆನ್ ಆ ಕಡೆ ನೋಡದೆ, “ನಾಯಿ ವರ್ಷ,” ಎಂದಳು.

“ಹನ್ನೆರಡು ವರ್ಷಕ್ಕೊಂದು ನಾಯಿ ವರ್ಷ ಬರುತ್ತೆ, ಎಷ್ಟೋ ಬಂದು ಹೋಗಿವೆ. ಯಾವುದು?”

“ಆ ದೊಡ್ಡ ಕ್ಷಾಮ ಬಂತಲ್ಲ ಅಜ್ಜಿ, ಅದರ ಮಾರನೇ ವರ್ಷ.”



“ಕ್ಷಾಮದ ವರ್ಷಾನೂ ಎಡೆ ಇಟ್ಟಿದ್ವಿ,” ಎಂದಳು ಥೋವಾ. “ಎಲ್ಲಿಂದಲೋ ಒಂದು ಹಿಡಿ ಅಕ್ಕಿ ತಂದು ಅಮ್ಮ ಬೇಯಿಸಿದ್ಲು. ನನ್ನ ತಮ್ಮ ಬಟ್ಟಲಿಗೆ ಕೈ ಹಾಕೋಕೆ ಬಂದ. ಊದುಕಡ್ಡಿ ಆರೋ ತನಕ ತಡಿಯೋ ಕಂದಾ, ಮೊದಲು ಅಪ್ಪ ಉಣ್ಣಲಿ ಅಂದ್ಲು. ಒಳ್ಳೇ ಹುಡುಗ, ಗೋಡೆಗೆ ಒರಗಿ ಕೂತ. ಕಡ್ಡಿ ಇನ್ನೂ ಉರೀತಿತ್ತು, ಅವನು ಹೋಗಿಬಿಟ್ಟಿದ್ದ.”

ಉಯೆನ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಅಪ್ಪ ಅಲ್ಲಿ ಬದುಕಿದ್ರು ಅಂದ್ರೆ, ಆ ಅನ್ನ ಯಾರುಂಡ್ರು ಮಗಳೇ?”