ಇಲ್ಲದ ಬಾಗಿಲು

ತೀರ್ಪುಗಾರರು ಪ್ಲಾಸ್ಟಿಕ್ ಮಾದರಿ ವಿಮಾನವನ್ನು ಅಂಗಾತ ಮಾಡಿ, ತಗಡಿನ ಜೋಡಣೆ, ಬಾಗಿಲುಗಳನ್ನು ತೋರಿಸಲು ಹೊಟ್ಟೆಯ ಮೇಲೆ ಕೊರೆದಿದ್ದ ಕೂದಲೆಳೆಯಂಥ ಗೆರೆಗಳಿಗೆ ಟಾರ್ಚ್ ಬಿಟ್ಟರು. ಅದನ್ನು ಸ್ಪರ್ಧೆಗೆ ತಂದಿದ್ದವನು ಪಕ್ಕದಲ್ಲೇ ಎದೆಯುಬ್ಬಿಸಿ ನಿಂತಿದ್ದ. "ಭಲೇ!" ಎಂದರು ತೀರ್ಪುಗಾರರು. "ಅಂಟಿಸಿದ ಜಾಗ ಉಜ್ಜುವಾಗ ಅಳಿಸಿಹೋಗೋ ಗೆರೆಗಳನ್ನ ಮತ್ತೆ ಇಷ್ಟು ಸಣ್ಣಗೆ ಕೊರೆಯೋದು ಹುಡುಗಾಟ ಅಲ್ಲ. ಅಂದಹಾಗೆ, ಈ ಪುಟ್ಟ ಬಾಗಿಲು ಯಾವುದು? ನಾನೆಲ್ಲೂ ನೋಡಿಲ್ಲ."

ಹೇಳದೆ ಬಂದು ಜನರ ಹಿಂದೆ ನಿಂತಿದ್ದ ಅವನ ತಂಗಿ ಕತ್ತು ಚಾಚಿ ನೋಡಿದಳು. ಆ ಬಾಗಿಲು ನಿಜವಾದ ವಿಮಾನದಲ್ಲಿ ಇರಲೇ ಇಲ್ಲ. ಬೇರೊಂದು ವಿಮಾನದ ನಕ್ಷೆ ನೋಡಿಕೊಂಡು ಅವಳೇ ಸೂಜಿಮೊನೆಯಲ್ಲಿ ಕೊರೆದಿದ್ದ ತಪ್ಪು ಅದು. ಅವತ್ತು ಅಣ್ಣ ತಲೆ ಚಚ್ಚಿಕೊಂಡಿದ್ದ: "ನಿನ್ನ ಕೈಗೆ ಈ ಕೆಲಸ ಒಗ್ಗಲ್ಲ ಕಣೇ. ಹಾಳಾಯ್ತು, ಬಿಸಾಕಿದೆ."

"ಅದಾ ಸಾರ್?" ಅಣ್ಣ ಈಗ ಎಳ್ಳಷ್ಟೂ ತಡವರಿಸಲಿಲ್ಲ. "ಕೆಲವೇ ವಿಮಾನಗಳಿಗೆ ಇತ್ತು. ಪತ್ತೆ ಮಾಡೋಷ್ಟರಲ್ಲಿ ಸಾಕುಸಾಕಾಯ್ತು." ಅಷ್ಟರಲ್ಲಿ ತಂಗಿ ಕಣ್ಣಿಗೆ ಬಿದ್ದಳು. ಅವನ ನಗು ಒಂದಿಷ್ಟೂ ಕದಲಲಿಲ್ಲ. "ಬಾರೇ. ಸಾರ್, ನನ್ನ ತಂಗಿ. ಇವಳಿಗೂ ಗೆರೆ ಕೊರೆಯೋ ಹುಚ್ಚು. ಪಾಪ, ಕೈ ಇನ್ನೂ ಕುದುರಿಲ್ಲ."

"ಅಣ್ಣನ ಕೈ ನೋಡಿ ಕಲಿಯಮ್ಮ," ಎಂದರು ತೀರ್ಪುಗಾರರು.

ಅವಳ ಕಣ್ಣು ಅಣ್ಣನ ಬೆನ್ನ ಹಿಂದಿನ ಮೇಜಿನ ಮೇಲೆ ನೆಟ್ಟಿತ್ತು. ಹಾಳಾಯ್ತು, ಬಿಸಾಕಿದೆ ಎಂದು ಅವನು ವರ್ಷಗಳಿಂದ ಹೇಳುತ್ತ ಬಂದಿದ್ದ ಅವಳ ವಿಮಾನಗಳೆಲ್ಲ ಅಲ್ಲಿ ಬಣ್ಣ ಬಳಿದುಕೊಂಡು, ಅವನ ಹೆಸರು ಹೊತ್ತು, ಸಾಲಾಗಿ ನಿಂತಿದ್ದವು.