ಚಾವಣಿ ಆಡಿದ ಮಾತು

ಬಟ್ಟೆ ಸೀದ ವಾಸನೆ ಬಂದರೆ ಟೈಲರಮ್ಮನ ಕೆನ್ನೆ ಇಂದಿಗೂ ಚುರುಗುಟ್ಟುತ್ತದೆ. ಚಿಕ್ಕಂದಿನಲ್ಲಿ ಅವ್ವನ ಇದ್ದಿಲ ಇಸ್ತ್ರಿಪೆಟ್ಟಿಗೆಯಿಂದ ಆ ವಾಸನೆ ಎದ್ದರೆ, ಅದರ ಬೆನ್ನಿಗೇ ಏಟು ಬೀಳುತ್ತಿತ್ತು. ಈಗ ಹೊಡೆಯುವವರು ಯಾರೂ ಇಲ್ಲ. ಆದರೆ ಗಿರಾಕಿಯ ಬಿಳಿ ಕೋಟಿನ ಬೆನ್ನ ಮೇಲೆ ಕಂದು ಬಣ್ಣದ ಗುರುತು ಅಚ್ಚೊತ್ತಿದಂತೆ ಮೂಡಿತ್ತು.

"ಆಕ್ಟೋಪಸ್ಸಿಗೆ ಮೂರು ಹೃದಯ," ಎಂದಿತ್ತು ಚಾವಣಿ. "ಈಜುವಾಗ ಅದರಲ್ಲಿ ಒಂದು ನಿಂತೇ ಹೋಗುತ್ತದೆ."

ಯಾಕೆ ನಿಲ್ಲುತ್ತದೋ ಎಂದು ತಲೆ ಎತ್ತಿದ್ದಳು, ಅಷ್ಟೆ. ಇಸ್ತ್ರಿಪೆಟ್ಟಿಗೆಯೂ ನಿಂತುಬಿಟ್ಟಿತ್ತು.

ಜೇಡರ ಬಲೆ ತೆಗೆಯುವ ಕೋಲು ಹಿಡಿದು ಹಲಗೆಯ ಚಾವಣಿಯನ್ನು ದಬದಬ ಕುಟ್ಟಿದಳು. ಮೇಲೆ ಹೆಜ್ಜೆ ಸದ್ದಾಯಿತು. ಮರುಕ್ಷಣ ಆಕ್ಟೋಪಸ್ಸು ಇನ್ನೂ ಜೋರಾಗಿ ಈಜತೊಡಗಿತು.

ದಿನವೂ ಇದೇ ಪಾಡು. ಇವಳು ಕುಟ್ಟುವುದು, ಆತ ಹೆಚ್ಚಿಸುವುದು.

ಆತ ಮೇಲಿನ ಕೋಣೆಗೆ ಬಂದದ್ದು ಇತ್ತೀಚೆಗೆ. ಗಿರಣಿಯಲ್ಲಿ ದುಡಿದು ನಿವೃತ್ತನಾದ ಒಂಟಿ ಮುದುಕ. ಟ್ರಂಕು ಹೊತ್ತು ಬಂದ ದಿನ ಮೆಟ್ಟಿಲ ಬುಡದಲ್ಲಿ ಟೈಲರಮ್ಮನೇ ಮೊದಲು ಮಾತಾಡಿಸಿದ್ದಳು. "ಓಡಾಡಿದ್ರೆ ಹಲಗೆ ಸದ್ದಾಗುತ್ತೆ, ಆಗ್ಲಿ ಬಿಡಿ. ನಮ್ಮಕ್ಕ ತೀರಿಕೊಂಡ ಮೇಲೆ ಈ ಮನೇಲಿ ಒಂದು ಮಾತು ಕಿವಿಗೆ ಬಿದ್ದಿಲ್ಲ. ಅವಳು ಪೇಪರ್ ಓದೋಳು, ನಾನು ಹೊಲಿಯೋಳು." ಆತ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ರೆಪ್ಪೆ ಮಿಟುಕಿಸದೆ ಇವಳ ತುಟಿಯನ್ನೇ ನೋಡುತ್ತಾ ನಿಂತ. ಆಮೇಲೆ ತಲೆಯಾಡಿಸಿ ಮೇಲೆ ಹೋದ. ಈ ವಯಸ್ಸಿಗೆ ಇದೆಂಥ ನೋಟ ಎಂದು ಅವಳ ಮೈಯೆಲ್ಲ ಉರಿದಿತ್ತು.

ಮರುದಿನವೇ ಚಾವಣಿ ಮಾತಾಡತೊಡಗಿತು.

"ಅದು ಪಾಡ್‌ಕಾಸ್ಟ್, ಟೈಲರಮ್ಮ," ಎಂದಿದ್ದಳು ಎದುರುಮನೆಯ ನರ್ಸು. "ಕುತೂಹಲ ಇರೋರು ಕೇಳ್ತಾರೆ. ಬಿಟ್ಟಿ ಕಾಲೇಜು ಅನ್ಕೊಳ್ಳಿ."

"ನನ್ನನ್ನ ಯಾಕಮ್ಮ ಸೇರಿಸ್ಕೊಂಡ ಆ ಕಾಲೇಜಿಗೆ? ನಾನೇನು ಅರ್ಜಿ ಹಾಕಿದ್ನಾ?"

ಸದ್ದನ್ನಾದರೂ ತಡೆದುಕೊಳ್ಳಬಹುದಿತ್ತು. ಕದ್ದು ಕೇಳುವುದನ್ನು ಹೇಗೆ ತಡೆದುಕೊಳ್ಳುವುದು? ಅಂಗಳದಲ್ಲಿ ಬಟ್ಟೆ ಒಣಹಾಕುತ್ತಾ ನರ್ಸಿಗೆ ಒಮ್ಮೆ ಹೇಳಿದ್ದಳು: "ಕನ್ನಡಿ ಎಡ-ಬಲ ಅದಲು ಬದಲು ಮಾಡುತ್ತಲ್ಲ, ತಲೆ-ಕಾಲು ಯಾಕೆ ಮಾಡಲ್ಲ?" ಆತ ಆಚೆ ತುದಿಯ ಗೇಟಿನ ಬಳಿ ಕೂತಿದ್ದ. ಮಾರನೆಯ ದಿನ ಚಾವಣಿಯಿಂದ ಇಳಿದದ್ದು ಕನ್ನಡಿಯ ಪುರಾಣವೇ. ಒಬ್ಬರ ಆಕಳಿಕೆ ಇನ್ನೊಬ್ಬರಿಗೆ ಯಾಕೆ ಅಂಟುತ್ತದೆ ಎಂದಳು, ಆಕಳಿಕೆ ಬಂತು. ಗೋಡೆಗೂ ಕಿವಿಯಿರುತ್ತದೆ ಅಂತಾರೆ, ಈ ಮನೆಯಲ್ಲಿ ಚಾವಣಿಗೇ ಕಿವಿ! ತನ್ನ ಪೆದ್ದು ಪ್ರಶ್ನೆಗಳನ್ನು ಆತ ತನಗೇ ಅಣಕಿಸಿ ಒಪ್ಪಿಸುತ್ತಿದ್ದಾನೆ. ಅಕ್ಕ ಇದ್ದಿದ್ದರೆ ಅವನಿಗೆ ನೀರಿಳಿಸುತ್ತಿದ್ದಳು.

ಸೀದ ಕೋಟನ್ನು ಬದಿಗೆಸೆದು ಟೈಲರಮ್ಮ ಮನೆ ಯಜಮಾನಿಗೆ ಫೋನು ಮಾಡಿದಳು.

"ಇವತ್ತು ಅವನು ಖಾಲಿ ಮಾಡ್ಬೇಕು. ಇಲ್ಲ ಅಂದ್ರೆ ನಾನು ಮೆಷಿನ್ ಎತ್ಕೊಂಡು ಹೋಗ್ತೀನಿ."

"ಅಕ್ಕಾ, ಸ್ವಲ್ಪ ಅನುಸರಿಸ್ಕೊಳ್ಳಿ. ಎಷ್ಟು ಕೂಗಿದ್ರೂ ಕೇಳಲ್ಲ ಅಂತ ಮೊದಲೇ ಹೇಳಿದ್ನಲ್ಲ."

"ನೀನು ಹೇಳಿದ್ದೆ! ಕೇಳದೋರನ್ನ ತಂದು ನನ್ನ ತಲೆ ಮೇಲೆ ಯಾಕೆ ಕೂರಿಸ್ದೆ?"

"ಆ ಕಾರಣಕ್ಕೇ ಅವರಿಗೆ ಎಲ್ಲೂ ಮನೆ ಸಿಕ್ಕಿರ್ಲಿಲ್ಲ. ಇಲ್ಲಿಂದ ಬಿಡಿಸಿದ್ರೆ ಮತ್ತೆ ಬೀದಿಯೇ ಗತಿ."

"ಬೀದೀಲಿ ಹಾಕ್ಕೊಳ್ಳಲಿ ಆ ಸ್ಪೀಕರ್ರನ್ನ. ಕೇಳೋರು ಬೇಕಾದಷ್ಟು ಜನ ಸಿಗ್ತಾರೆ."

ಯಜಮಾನಿ ಬಂದಳು. ಹಳೆಯ ಬಾಡಿಗೆದಾರಳನ್ನು ಕಳೆದುಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. "ನೀವು ಹೇಳಿದ ಹಾಗೇ ಆಗ್ಲಿ. ಅವರಿಗೆ ನೀವೇ ಹೇಳಿ," ಎಂದಳು, ಮುಖ ಚಿಕ್ಕದು ಮಾಡಿಕೊಂಡು. ಟೈಲರಮ್ಮ ಕೋಲು ಹಿಡಿದೇ ಮೆಟ್ಟಿಲೇರಿದಳು, ಹಿಂದೆ ಯಜಮಾನಿ.

ಬಾಗಿಲು ತೆರೆದಿತ್ತು. ಒಂದು ಚಾಪೆ, ಆ ಟ್ರಂಕು, ಉರಿಯುವ ಒಂದು ದೀಪ. ಮುದುಕ ಇವರಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದ. ಸ್ಪೀಕರಿನ ಬಾಯಿಯನ್ನು ಹಲಗೆಗೆ ಒತ್ತಿ ಮಲಗಿಸಿ, ಅದರ ಬೆನ್ನ ಮೇಲೆ ಅಂಗೈ ಇಟ್ಟಿದ್ದ. ಅಂದರೆ ಬೇಕೆಂದೇ! ತನ್ನ ನೆತ್ತಿಗೇ ಗುರಿಯಿಟ್ಟು!

"ಏನ್ರೀ! ಮಾನ ಮರ್ಯಾದೆ ಇದೆಯೇನ್ರೀ ನಿಮಗೆ?"

ಆತ ಅಲುಗಲಿಲ್ಲ.

"ನಿಮಗೇ ಹೇಳ್ತಿರೋದು! ಗಂಟು ಮೂಟೆ ಕಟ್ಟಿ!"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಸ್ಪೀಕರಿನ ವೈರು ಕೀಳಲು ಟೈಲರಮ್ಮ ಹೆಜ್ಜೆ ಮುಂದಿಟ್ಟಳು. ಯಜಮಾನಿ ಅವಳ ತೋಳು ಹಿಡಿದು, ಬಾಗಿಲ ಪಕ್ಕದ ಸ್ವಿಚ್ಚನ್ನು ಆರಿಸಿ ಹಾಕಿದಳು. ದೀಪ ಮಿಣುಕಿತು. ಆಗ ಆತ ತಿರುಗಿದ.

"ಹೀಗೆ ಕರೀಬೇಕು, ಅಕ್ಕಾ," ಎಂದಳು ಯಜಮಾನಿ. "ಗಿರಣಿಯ ಮಗ್ಗಗಳು ಎರಡೂ ಕಿವಿ ತಿಂದ್ಹಾಕಿವೆ."

ಟೈಲರಮ್ಮನ ಬಾಯಿ ತೆರೆದೇ ಇತ್ತು. ಆತ ಆ ಬಾಯನ್ನು ನೋಡಿದ. ಕೈಯ ಕೋಲು ನೋಡಿದ. ಅವನ ಮುಖ ಬಾಡಿತು.

"ಇನ್ನೂ ಸಾಲದಾ, ತಾಯಿ?" ಎಂದ. ಏರಿಳಿತವಿಲ್ಲದ, ಅಳತೆ ತಪ್ಪಿದ ದನಿ. "ನೀವು ಕುಟ್ಟಿದಾಗೆಲ್ಲ ಅಂಗಾಲಿಗೆ ಗೊತ್ತಾಗೋದು. ಹೆಚ್ಚಿಸ್ತಾನೇ ಬಂದೆ. ಇದಕ್ಕಿಂತ ಜೋರು ಇದರಲ್ಲಿಲ್ಲ." ನಾಚಿಕೊಂಡವನಂತೆ ಮುಂದುವರಿಸಿದ: "ನೀವು ಅಂಗಳದಲ್ಲಿ ಕೇಳೋ ಪ್ರಶ್ನೆನ ನಿಮ್ಮ ತುಟಿ ಮೇಲೆ ನೋಡ್ಕೊಂಡು, ಹೆಸರು ಓದಿ ಆರಿಸಿ ಹಾಕ್ತೀನಿ. ಒಳಗೆ ಏನಿರುತ್ತೋ ನನಗೇನು ಗೊತ್ತು. ಚೆನ್ನಾಗಿರುತ್ತಾ?"

ಕೋಣೆಯಲ್ಲಿ ಆಕ್ಟೋಪಸ್ಸೊಂದೇ ಮಾತಾಡುತ್ತಿತ್ತು.

"ಹಾಗಾದ್ರೆ ಸಾಮಾನು ಇಳಿಸೋದಾ, ಅಕ್ಕಾ?" ಯಜಮಾನಿ ಮೆಲ್ಲಗೆ ಕೇಳಿದಳು.

ಟೈಲರಮ್ಮ ಕೆಳಗಿಳಿದು ಹೋದಳು. ತಿರುಗಿ ಬಂದಾಗ ಕೈಯಲ್ಲಿ ಕೋಲಿರಲಿಲ್ಲ. ಬಿಸಿ ಊಟ ಬಡಿಸಿ ಮುಚ್ಚಿದ ತಟ್ಟೆಯಿತ್ತು. ಅದನ್ನು ಸದ್ದಿಲ್ಲದೆ ಆತನ ಕೈಗಿಟ್ಟಳು.